ಬೋರಲು ತಟ್ಟೆ

ಭಾನುವಾರ, ಬೆಳಗಿನ ಕೆಲಸ ಮುಗಿದ ಮೇಲೆ

ನನ್ನ ಮಗಳಿಗೆ,

ನಾವು ಕ್ಷೇಮ, ನೀನು ಕ್ಷೇಮವೇ ಎಂದು ಶುರು ಮಾಡಬೇಕೆಂದು ಶಾಲೆಯಲ್ಲಿ ಕಲಿಸಿದ್ದರು. ಆದರೆ ಗುರುವಾರ ಬೆಳಗ್ಗೆಯೆಲ್ಲ ನೀನು ನನ್ನ ಎದುರಿಗೇ ಕೂತಿದ್ದೆ. ನಾನು ಕ್ಷೇಮವಾಗಿದ್ದೇನೆ ಎಂಬುದು ನಿನಗಷ್ಟೇ ಅಲ್ಲ, ನಿಮ್ಮ ದೊಡ್ಡ ಸಾಹೇಬರಿಗೂ ಗೊತ್ತಾಗಿದೆ. ನೀನು ಇಳಿದುಹೋಗಿದ್ದೀಯ. ಹೊತ್ತಿಗೆ ಸರಿಯಾಗಿ ಉಣ್ಣುತ್ತಿಲ್ಲ. ಇದು ಪ್ರಶ್ನೆಯಲ್ಲ.

ಗೆದ್ದೆವು. ಅದನ್ನು ಮೊದಲು ಬರೆದುಬಿಡುತ್ತೇನೆ. ನಿಮ್ಮ ಮಸೂದೆ ಶಾಸನಸಭೆಯಲ್ಲಿ ಹೊಸ ತಿದ್ದುಪಡಿಯ ಸಮೇತ ಪಾಸಾಯಿತು ಎಂದು ನಿನ್ನೆ ಮಧ್ಯಾಹ್ನ ರೇಡಿಯೋದಲ್ಲಿ ಬಂದಾಗ ನಾನು ಹಾಸಿಗೆಯೊಂದರ ಅಂಚು ಹೊಲಿಯುತ್ತಿದ್ದೆ. ತಲೆ ಎತ್ತಲಿಲ್ಲ. ದಾರವನ್ನು ಅರ್ಧಕ್ಕೆ ಬಿಟ್ಟರೆ ಅಂಚು ಸಡಿಲವಾಗುತ್ತದೆ. ಅಷ್ಟರಲ್ಲಿ ಹೊರಗೆ ಯಾರೋ ಬಿಸಿಲಿಗೆ ಹಾಕಿದ್ದ ಹಾಸಿಗೆಗೆ ಕೋಲಿನಿಂದ ಧಬ್ ಎಂದು ಬಾರಿಸಿದರು. ಎದುರು ಮನೆಯವರು ಇನ್ನೊಂದು ಬಾರಿಸಿದರು. ಆಮೇಲೆ ಇಡೀ ಹಾಸಿಗೆ ಬೀದಿಯೇ ಬಾರಿಸತೊಡಗಿತು. ಬೀದಿಯ ಈ ತುದಿಗೆ ಆ ತುದಿ ಕಾಣದಷ್ಟು ಧೂಳು. ನಿನ್ನ ಚಿಕ್ಕಪ್ಪ ಸೀನುತ್ತ ಸೀನುತ್ತಲೇ ಕುಣಿದ. ನಾನು ಹೊಲಿಗೆ ಮುಗಿಸಿ, ಗಂಟು ಹಾಕಿ, ದಾರ ಕಡಿದು, ಹೊರಗೆ ಹೋಗಿ ಒಂದೇ ಒಂದು ಏಟು ಹಾಕಿದೆ. ಎಲ್ಲರದಕ್ಕಿಂತ ಜೋರು ಸದ್ದು ಅತ್ತೆಯದೇ ಎಂದಳು ಸೊಸೆ. ಅವಳು ಸುಮ್ಮಸುಮ್ಮನೆ ಹೊಗಳುವವಳಲ್ಲ.

ಗುರುವಾರ ನಡೆದದ್ದನ್ನು ನೀನು ನೋಡಿದ್ದು ಮೇಜಿನ ಆ ಕಡೆಯಿಂದ. ಈ ಕಡೆಯಿಂದ ಅದು ಹೇಗಿತ್ತೆಂದು ನಿನಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಕ್ಷಮೆ ಕೇಳಲು ಬರೆಯುತ್ತಿದ್ದೇನೆ ಎಂದುಕೊಳ್ಳಬೇಡ.

ನೆರೆ ಬಂದ ವರ್ಷ ನೀನು ರಾಜಧಾನಿಯಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದೆ. ಅಂಗಡಿಯೊಳಗೆ ನದಿಯ ನೀರು ಸೊಂಟದವರೆಗೆ ನಿಂತಿತ್ತು. ಬೀದಿಗೆಲ್ಲ ಒಂದೇ ಆಗಿದ್ದ ಹತ್ತಿ ಹಿಂಜುವ ಯಂತ್ರ ಪೂರ್ತಿ ಮುಳುಗಿತು. ನೀರು ಇಳಿದ ದಿನವೇ ನಾವು ಗೋದಾಮಿನ ಬಾಗಿಲು ತೆಗೆದೆವು. ಒದ್ದೆ ಹತ್ತಿ ಯಾರಿಗೂ ಕಾಯುವುದಿಲ್ಲ. ಹಾಗೇ ಬಿಟ್ಟರೆ ಒಳಗೊಳಗೇ ಬಿಸಿಯಾಗುತ್ತದೆ, ಕೊಳೆಯುತ್ತದೆ, ಕೊನೆಗೆ ಮಕ್ಕಳ ಎದೆಗೆ ಇಳಿಯುತ್ತದೆ. ಎಲ್ಲವನ್ನೂ ಹೊರಗೆ ಎಳೆದು ಹಾಕಿದೆವು. ಉಳಿಯುವಂಥದ್ದನ್ನು ಒಣಗಿಸಿದೆವು, ಉಳಿಯದ್ದನ್ನು ಸುಟ್ಟೆವು. ಗೋಡೆ ತೊಳೆದು ಸುಣ್ಣ ಹೊಡೆದೆವು. ಅದೆಲ್ಲ ಮುಗಿದು ಎಷ್ಟೋ ದಿನದ ಮೇಲೆ ಪರಿಹಾರದ ಇನ್ಸ್‌ಪೆಕ್ಟರ್ ಬಂದರು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ಸುತ್ತ ಒಮ್ಮೆ ಕಣ್ಣಾಡಿಸಿ, "ಎಲ್ಲಾ ಚೆನ್ನಾಗೇ ಇದೆಯಲ್ಲಮ್ಮ, ಹಾನಿ ಎಲ್ಲಿ?" ಎಂದರು. ಹಾನಿಯ ಫೋಟೋ ಕೊಡಿ ಎಂದರು. "ಹತ್ತಿ ಕೊಳೀತಾ ಇರುವಾಗ ನಾವು ಫೋಟೋ ತೆಗೀತಾ ನಿಂತ್ಕೋಬೇಕಿತ್ತಾ ಸ್ವಾಮಿ?" ಎಂದ ನಿನ್ನ ಚಿಕ್ಕಪ್ಪ. ಹೌದು, ನಿಯಮ ಹಾಗೇ ಇದೆ ಎಂದರು ಅವರು. ಗೋದಾಮಿಗೆ ಬೀಗ ಜಡಿದು, ಮೂಗು ಮುಚ್ಚಿಕೊಂಡು ಕಾದು ಕೂತಿದ್ದ ಹಿಂದಿನ ಬೀದಿಯವರಿಗೆ ಪರಿಹಾರ ಸಿಕ್ಕಿತು. ಬಿದ್ದು ತಾವೇ ಎದ್ದವರಿಗೆ ಸಿಗಲಿಲ್ಲ. ಕೇಂದ್ರದವರು ಕೊಟ್ಟಿದ್ದರು, ರಾಜ್ಯದವರು ಹಿಡಿದುಕೊಂಡರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುವುದು ಇದಕ್ಕೇ.

ಇದನ್ನು ನಾನು ನಿನಗೆ ಹೇಳಲಿಲ್ಲ. ನೀನು ಕೇಳಿದಾಗ ಎಲ್ಲ ಸರಿಹೋಯಿತು ಎಂದೆ. ಮಗಳು ಹಣಕಾಸು ಇಲಾಖೆಯಲ್ಲಿದ್ದಾಳೆ, ಕಿವಿ ಕಚ್ಚಿ ಕೊಡಿಸಿಕೊಂಡಳು ಎಂದು ಈ ಬೀದಿಯಲ್ಲಿ ಒಂದು ನಾಲಿಗೆಯೂ ಆಡಬಾರದಾಗಿತ್ತು. ನೀನು ಕಷ್ಟಪಟ್ಟು ಹತ್ತಿದ ಮೆಟ್ಟಿಲನ್ನು ನಮ್ಮ ಮನೆಯ ಏಣಿ ಮಾಡಿಕೊಳ್ಳುವುದು ನನಗೆ ಬೇಡವಾಗಿತ್ತು. ಯಂತ್ರ ಹೋದ ಮೇಲೆ ಹತ್ತಿಯನ್ನು ಊರಾಚೆಯ ಗಿರಣಿಗೆ ಹೊತ್ತು, ಅವರು ಕೇಳಿದಷ್ಟು ಕೊಟ್ಟು ಹಿಂಜಿಸಿ ತಂದೆವು. ಹೊಲಿದದ್ದರಲ್ಲಿ ಉಳಿಯುವುದೆಲ್ಲ ಅಲ್ಲಿಗೇ ಹೋಗುತ್ತಿತ್ತು. ಮೂಲೆಮನೆಯವರು ಅಂಗಡಿ ಮುಚ್ಚುವ ಮಾತಾಡುತ್ತಿದ್ದರು. ಇನ್ನೊಂದು ವರ್ಷ ಯಂತ್ರವಿಲ್ಲದೆ ಕಳೆದಿದ್ದರೆ ಹಾಸಿಗೆ ಬೀದಿಯಲ್ಲಿ ಹಾಸಿಗೆ ಸಿಗುತ್ತಿರಲಿಲ್ಲ.

ಆಮೇಲೆ ಆ ಭಾನುವಾರ ಬಂತು. ನೀನು ರಾಜಧಾನಿಯಿಂದ ಬಂದು, ಕೈಕಾಲು ತೊಳೆದು, ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತು ಖುಷಿಯಿಂದ ಹೇಳಿದೆ. ಮೊದಲ ಸಲ ಒಂದು ಮಸೂದೆಯನ್ನು ಪೂರ್ತಿ ನಾನೇ ಬರೆದಿದ್ದೇನೆ, ನೆರೆ ಪರಿಹಾರಕ್ಕೆ ಕೇಂದ್ರ ಕೊಟ್ಟ ಹಣದಲ್ಲಿ ಮಿಕ್ಕಿದ್ದನ್ನು ರಾಜ್ಯದ ಸಾಮಾನ್ಯ ಬಜೆಟ್ಟಿಗೆ ಸೇರಿಸುವ ಮಸೂದೆ ಎಂದೆ. "ಸುಮ್ನೆ ಬಿದ್ದಿದೆ ಅಮ್ಮ, ಕೇಳೋರೇ ಇಲ್ಲ. ಬಜೆಟ್ಟಿಗೆ ಬಂದ್ರೆ ಆಸ್ಪತ್ರೆ ನರ್ಸುಗಳ ಸಂಬಳ ಆದ್ರೂ ಆಗುತ್ತೆ" ಎಂದೆ. ನಿನ್ನ ಮುಖದಲ್ಲಿ ಬೆಳಕಿತ್ತು. ನಾನು ಅದನ್ನು ನೋಡಿಯೂ, ಮನೆಗೆ ಮಾರಿ ಊರಿಗೆ ಉಪಕಾರಿ ಎಂದೆ. ಯಾಕೆ ಎಂದು ಕೇಳಿದೆ ನೀನು. ನಾನು ಹೇಳಲಿಲ್ಲ. ಆ ಮಸೂದೆ ಇರುವ ಮನೆಯಲ್ಲೇ ಹೋಗಿ ಉಣ್ಣು ಎಂದೆ. ನೀನು ಚಪ್ಪಲಿ ಮೆಟ್ಟಿ ಹೊರಟುಹೋದೆ. ನಿನ್ನ ತಟ್ಟೆ ಅಟ್ಟಣೆಯ ಮೇಲೆ ಬೋರಲಾಗಿಯೇ ಉಳಿಯಿತು.

ಆವತ್ತಿನಿಂದ ಗುರುವಾರದವರೆಗೆ ನಾನು ನಿನ್ನ ಮುಖ ನೋಡಿರಲಿಲ್ಲ. ನೀನೂ ಅಷ್ಟೇ. ಹಟದಲ್ಲಿ ಯಾರ ಮಗಳು ಎಂದು ಕೇಳಬೇಕಾಗಿಲ್ಲ.

ಈಗ ಗುರುವಾರದ್ದು. ಶಾಸನಸಭೆಯ ಸಮಿತಿ ಮಸೂದೆಯ ಬಗ್ಗೆ ಜನರ ಅಹವಾಲು ಕೇಳುತ್ತದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಬೀದಿಯವರೆಲ್ಲ ಸೇರಿ ನಿನ್ನ ಚಿಕ್ಕಪ್ಪನನ್ನು ಮಾತಾಡಲು ಆರಿಸಿದರು. ಯಂತ್ರದ ಸದ್ದಿನ ಮೇಲೂ ಕೇಳುವ ದನಿ, ಎಲ್ಲರ ಬಾಯಲ್ಲಿ ಅವನು ಗುಡುಗಪ್ಪ. ಅವನು ವಾರವಿಡೀ ಹಾಸಿಗೆಗಳ ಮುಂದೆ ನಿಂತು ಭಾಷಣ ಮಾಡಿದ. ಹಾಸಿಗೆಗಳು ಬೇಸರಪಡಲಿಲ್ಲ. ನಾನು ಮಾತಾಡಲು ಹೋದವಳಲ್ಲ, ಜೊತೆಗೆ ಹೋದವಳು. ದಾರಿಯಲ್ಲಿ ಬೇಕಾದೀತು ಎಂದು ಚೀಲದಲ್ಲಿ ಒಂದು ತಟ್ಟೆ ಇಟ್ಟುಕೊಂಡಿದ್ದೆ. ಕಟ್ಟಡದ ಬಾಗಿಲಲ್ಲಿ ಕಾವಲಿನವನು ಚೀಲಕ್ಕೆ ಕೈ ಹಾಕಿ, "ತಟ್ಟೆ ಇದೆ, ಊಟ ಎಲ್ಲಮ್ಮಾ?" ಎಂದ. ಅದನ್ನೇ ಕೇಳೋಕೆ ಬಂದಿದ್ದೀನಪ್ಪಾ ಎಂದೆ. ನಕ್ಕು ಒಳಗೆ ಬಿಟ್ಟ.

ಆ ಕೋಣೆ ನಿನಗೆ ದಿನವೂ ನೋಡುವ ಕೋಣೆ. ನಾವು ಕಾಲಿಟ್ಟದ್ದು ಅದೇ ಮೊದಲು. ಉದ್ದನೆಯ ಮೇಜು, ಎಲ್ಲರ ಮುಂದೆ ನೀರಿನ ಬಾಟಲಿ, ಮಾತಾಡುವವರ ಮುಂದೆ ಮಾತ್ರ ಕೆಂಪು ದೀಪದ ಮೈಕು. ಆಚೆ ನಡುವೆ ಸಮಿತಿಯ ಅಧ್ಯಕ್ಷೆ, ಬಿಳಿ ಕೂದಲಿನ, ಕತ್ತರಿಯಂಥ ಕಣ್ಣಿನ ಹೆಂಗಸು. ಪಕ್ಕದಲ್ಲಿ ನಿಮ್ಮ ದೊಡ್ಡ ಸಾಹೇಬರು. ಅವರ ಬೆನ್ನ ಹಿಂದೆ, ಗೋಡೆಗೆ ಒರಗಿಸಿದ ಕುರ್ಚಿಯಲ್ಲಿ ನೀನು. ನೀನು ಅಲ್ಲಿರುತ್ತೀಯ ಎಂದು ನಿನ್ನ ಚಿಕ್ಕಪ್ಪ ಎಣಿಸಿರಲಿಲ್ಲ. ಹೆಸರು ಕರೆದಾಗ ಎದ್ದ, ನಿನ್ನನ್ನು ನೋಡಿದ, ಬಾಯಿ ತೆರೆದ, ಗುಡುಗು ಬರಲಿಲ್ಲ, ಹನಿಯೂ ಬರಲಿಲ್ಲ. "ಅತ್ತಿಗೆ, ನಮ್ಮ ಕೂಸು ಕಣೇ" ಎಂದು ಮೈಕಿನಲ್ಲೇ ಹೇಳಿಬಿಡುತ್ತಿದ್ದನೋ ಏನೋ. ನಾನು ಅವನ ಅಂಗಿ ಹಿಡಿದು ಕೂರಿಸಿದೆ. ಕೂರಿಸಿದ ಮೇಲೆ ಯಾರಾದರೂ ಏಳಲೇಬೇಕಲ್ಲ, ಎದ್ದೆ.

ನಿನ್ನನ್ನು ಗುರುತಿಸದ ಹಾಗೆ ಇರಬೇಕೆಂದು ಮನಸ್ಸಿನಲ್ಲೇ ಗಂಟು ಹಾಕಿಕೊಂಡೆ. ಸಿಟ್ಟಿನಿಂದಲ್ಲ. ಮಸೂದೆ ಬರೆದವಳ ತಾಯಿಯೇ ಅದರ ವಿರುದ್ಧ ಬಂದಿದ್ದಾಳೆಂದು ಗೊತ್ತಾದರೆ ಆ ಕುರ್ಚಿಯಿಂದ ನಿನ್ನನ್ನು ಎಬ್ಬಿಸಿಬಿಡುತ್ತಾರೇನೋ ಎಂದು. ನೀನೂ ನನ್ನನ್ನು ಯಾರೋ ಎಂಬಂತೆ ನೋಡಿದೆ. ಅದು ಚುಚ್ಚಿತು. ನಾನು ಮಾಡಿದ್ದನ್ನೇ ನೀನು ಮಾಡಿದ್ದೆ, ಆದರೂ ಚುಚ್ಚಿತು.

ನಾನು ಬಾಯಿ ತೆರೆಯುವ ಮೊದಲೇ ನಿಮ್ಮ ಸಾಹೇಬರು ಮಾತಾಡಿದರು. ಮಿಕ್ಕಿದ ಹಣ, ಕೇಳುವವರಿಲ್ಲದ ಹಣ, ರಾಜ್ಯಕ್ಕೆ ಬೇರೆ ಅಗತ್ಯಗಳಿವೆ, ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು ಎಂದರು. ಇದ್ದ ಗಾದೆಗಳಲ್ಲಿ ಅದನ್ನೇ ಆರಿಸಬೇಕೇ, ನನ್ನ ಮುಂದೆ! "ಹಾಸಿಗೆ ಹೊಲಿಯೋರು ನಾವು ಸ್ವಾಮಿ" ಎಂದೆ. "ಕಾಲು ನೋಡಿ ಹಾಸಿಗೆ ಹೊಲೀತೀವಿ, ಹಾಸಿಗೆ ನೋಡಿ ಕಾಲು ಕತ್ತರಿಸಲ್ಲ." ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಅಧ್ಯಕ್ಷೆ ತುಟಿ ಬಿಗಿಹಿಡಿದು, "ವಿಷಯಕ್ಕೆ ಬನ್ನಿ" ಎಂದರು.

ವಿಷಯಕ್ಕೆ ಬಂದೆ. ಚೀಲದಿಂದ ತಟ್ಟೆ ತೆಗೆದು ಮೇಜಿನ ಮೇಲೆ ಬೋರಲು ಇಟ್ಟೆ. ನಮ್ಮ ಮನೆಯ ರೀತಿ ಹೇಳಿದೆ. ಹಿಂಜುವ ಯಂತ್ರಕ್ಕೆ ಒಮ್ಮೆ ಹತ್ತಿ ಕೊಟ್ಟರೆ ಅದು ಮುಗಿಯುವ ತನಕ ನಿಲ್ಲಿಸುವ ಹಾಗಿಲ್ಲ, ಹಾಗಾಗಿ ನಮ್ಮಲ್ಲಿ ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ಎಂದೂ ಆಗುವುದಿಲ್ಲ. ಅದಕ್ಕೇ ನನ್ನ ಅತ್ತೆ ಒಂದು ಕಟ್ಟುನಿಟ್ಟು ಮಾಡಿಟ್ಟಿದ್ದರು. ಮನೆಯವರದು, ಕೆಲಸದವರದು, ಎಲ್ಲರ ತಟ್ಟೆಯೂ ಅಟ್ಟಣೆಯ ಮೇಲೆ ಬೋರಲಾಗಿರಬೇಕು. ಉಂಡವರು ತಮ್ಮ ತಟ್ಟೆ ತೊಳೆದು ಮೊಗ ಮೇಲಾಗಿ ಇಡಬೇಕು. ಒಂದೇ ಒಂದು ತಟ್ಟೆ ಬೋರಲಾಗಿದ್ದರೂ ಪಾತ್ರೆಯಲ್ಲಿರುವುದು ಮಿಕ್ಕಿದ್ದಲ್ಲ, ಅದು ಇನ್ನೊಬ್ಬರ ಊಟ. ಎರಡನೇ ಸಲ ಬಡಿಸಿಕೊಳ್ಳುವ ಹಾಗಿಲ್ಲ, ನೆರೆಯವರಿಗೆ ಕೊಟ್ಟು ಪುಣ್ಯ ಕಟ್ಟಿಕೊಳ್ಳುವ ಹಾಗೂ ಇಲ್ಲ. ಈ ನಿಯಮಕ್ಕೆ ಜೀವನವಿಡೀ ಸಂಕಟಪಟ್ಟವನು ಪಕ್ಕದಲ್ಲೇ ಕೂತಿದ್ದಾನೆ, ಬೇಕಾದರೆ ಕೇಳಿ ಎಂದೆ. ನಿನ್ನ ಚಿಕ್ಕಪ್ಪ ಹೌದೆಂದು ತಲೆಯಾಡಿಸಿದ. ಆ ದಿನ ಅವನು ಕೊಟ್ಟ ಸಾಕ್ಷಿ ಅಷ್ಟೇ.

"ನಮ್ಮ ಬೀದಿಯ ತಟ್ಟೆಗಳು ಇನ್ನೂ ಬೋರಲಾಗಿವೆ, ನೀವು ಪಾತ್ರೆ ತೊಳೆಯೋಕೆ ಹೊರಟಿದ್ದೀರಿ" ಎಂದೆ. ಯಾಕೆ ಸಿಗಲಿಲ್ಲ ಎಂದು ಅಧ್ಯಕ್ಷೆ ಕೇಳಿದರು. ಹೇಳಿದೆ, ಒದ್ದೆ ಹತ್ತಿ, ಸುಣ್ಣ, ಇನ್ಸ್‌ಪೆಕ್ಟರ್, ಫೋಟೋ. ಹೇಳುವಾಗ ನಾನು ಅಧ್ಯಕ್ಷೆಯನ್ನೇ ನೋಡುತ್ತಿದ್ದೆ. ಆದರೆ ಕಣ್ಣಂಚಿನಲ್ಲಿ ನೀನು ಕಾಣುತ್ತಿದ್ದೆ. ಫೋಟೋ ಎಂದಾಗ ನಿನ್ನ ಪೆನ್ನು ನಿಂತಿತು. ಆಗ ನನಗೆ ತಿಳಿಯಿತು, ಇಲಾಖೆಯಲ್ಲಿದ್ದೂ ಈ ಹುಡುಗಿಗೆ ಇದು ಯಾವುದೂ ಗೊತ್ತಿರಲಿಲ್ಲ. ಕೇಳುವವರಿಲ್ಲ ಎಂದು ಅವಳು ಬರೆದದ್ದು ನಂಬಿಯೇ.

ಸಾಹೇಬರು ಗಂಟಲು ಸರಿಮಾಡಿಕೊಂಡು, ಕನಿಕರ ಬೇರೆ ನಿಯಮ ಬೇರೆ, ಫೋಟೋ ಇಲ್ಲದೆ ಏನೂ ಮಾಡಲಾಗದು, ಕೇಂದ್ರದ ಷರತ್ತು ಎಂದರು. ಅಲ್ಲಿಗೆ ಮುಗಿಯಬೇಕಿತ್ತು. ನಾನು ತಟ್ಟೆಯ ಮೇಲೆ ಕೈಯಿಟ್ಟು ನಿಂತಿದ್ದೆ. ಷರತ್ತು, ಕಾನೂನು ನನಗೇನು ಗೊತ್ತು? ಅಧ್ಯಕ್ಷೆ ಸಾಹೇಬರನ್ನು ಬಿಟ್ಟು, ಅವರ ಹೆಗಲ ಮೇಲಿಂದ ಹಿಂದಕ್ಕೆ ನೋಡಿ, ಮಸೂದೆ ಬರೆದವರು ಯಾರು, ಅವರೇ ಹೇಳಲಿ ಎಂದರು.

ನೀನು ಎದ್ದು ನಿಂತೆ.

ನೀನು ಹೇಳಿದ್ದನ್ನು ನಿನಗೇ ಬರೆದು ಕಳಿಸುವುದು ಹುಚ್ಚುತನ. ಆದರೂ ಬರೆಯುತ್ತೇನೆ, ನನಗೆ ಇನ್ನೊಮ್ಮೆ ಕೇಳಬೇಕಾಗಿದೆ. ಕೇಂದ್ರದ ಷರತ್ತಿನಲ್ಲಿ ಹಾನಿಗೆ ಸಾಕ್ಷಿ ಬೇಕು ಎಂದಿದೆ, ಫೋಟೋವೇ ಬೇಕು ಎಂದಿಲ್ಲ, ಅದನ್ನು ಸೇರಿಸಿದ್ದು ನಮ್ಮ ಇಲಾಖೆ ಎಂದೆ. ಹಣ ಬಜೆಟ್ಟಿಗೆ ಹೋಗುವ ಮುಂಚೆ ಇಂಥವರಿಗೆ ಇನ್ನೊಮ್ಮೆ ಅರ್ಜಿಗೆ ಅವಕಾಶ ಕೊಡಬಹುದು, ಕಾನೂನಿನಲ್ಲಿ ಅಡ್ಡಿಯಿಲ್ಲ ಎಂದೆ. ಸಾಹೇಬರ ಕತ್ತು ಕೆಂಪಾಯಿತು. ನಿನ್ನ ದನಿ ಒಂದು ಚೂರೂ ಅಲುಗಲಿಲ್ಲ. ಅಷ್ಟಕ್ಕೇ ನೀನು ಕೂತಿದ್ದರೂ ನಾವು ಗೆಲ್ಲುತ್ತಿದ್ದೆವು. ನೀನು ಕೂರಲಿಲ್ಲ. "ಇನ್ನೊಂದು ಮಾತು ದಾಖಲಾಗಬೇಕು ಮೇಡಂ" ಎಂದೆ. "ಇವರು ನನ್ನ ತಾಯಿ. ಹಾಗಾಗಿ ನನ್ನ ಉತ್ತರವನ್ನ ಬೇರೆಯವರಿಂದ ಪರೀಕ್ಷೆ ಮಾಡಿಸಿ."

ಅಧ್ಯಕ್ಷೆ ನನ್ನನ್ನು ನೋಡಿದರು, ನಿನ್ನನ್ನು ನೋಡಿದರು, ಮತ್ತೆ ನನ್ನನ್ನು. "ಇಷ್ಟು ಹೊತ್ತು ಇಬ್ಬರೂ ಯಾರೋ ಏನೋ ಅನ್ನೋ ಹಾಗೆ ಕೂತಿದ್ರಾ? ಮೂಗು ನೋಡಿದ್ರೇ ಗೊತ್ತಾಗಬೇಕಿತ್ತು ನನಗೆ" ಎಂದರು. ಆಗ ಎಲ್ಲರೂ ನಕ್ಕರು. ನಿಮ್ಮ ಸಾಹೇಬರೂ, ಬೇರೆ ದಾರಿಯಿಲ್ಲದೆ. ಕಾನೂನು ಸಲಹೆಗಾರರು ಪುಸ್ತಕ ತಿರುವಿ, ಅಧಿಕಾರಿ ಹೇಳಿದ್ದು ಅಕ್ಷರಶಃ ಸರಿ ಎಂದ ಮೇಲೆ ಸಮಿತಿಯಲ್ಲಿ ಒಬ್ಬರನ್ನು ಬಿಟ್ಟು ಎಲ್ಲರೂ ತಿದ್ದುಪಡಿಗೆ ಕೈ ಎತ್ತಿದರು. ಆ ಒಬ್ಬರಿಗೆ ತೋಳು ನೋವಿತ್ತೆಂದು ಇಟ್ಟುಕೊಳ್ಳೋಣ.

ಹೊರಗೆ ಮೆಟ್ಟಿಲ ಹತ್ತಿರ ನೀನು ಅಮ್ಮಾ ಎಂದು ಕರೆದದ್ದು ನನಗೆ ಕೇಳಿಸಿತು. ನಾನು ತಿರುಗಲಿಲ್ಲ. ಬಸ್ಸಿಗೆ ಹೊತ್ತಾಯಿತು ಎಂದು ನಿನ್ನ ಚಿಕ್ಕಪ್ಪನಿಗೆ ಹೇಳಿದೆ. ಬಸ್ಸು ಬಹಳ ಹೊತ್ತು ಬರಲಿಲ್ಲ. ನನ್ನ ಮುಖ ಆಗ ಮಕ್ಕಳು ನೋಡುವಂಥ ಮುಖವಾಗಿರಲಿಲ್ಲ. ಬೀದಿಯಲ್ಲಿ ನನ್ನನ್ನು ಹಿಂದಿನಿಂದ ದಬ್ಬಣ ಎನ್ನುತ್ತಾರೆ, ಹಾಸಿಗೆ ಹೊಲಿಯುವ ಸೂಜಿಯ ಹೆಸರು. ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ದಬ್ಬಣದ ಕಣ್ಣಲ್ಲಿ ನೀರು ಕಂಡರೆ ನಾಳೆ ಯಾರು ನನ್ನ ಮಾತು ಕೇಳುತ್ತಾರೆ? ಆ ಗಡಿಬಿಡಿಯಲ್ಲಿ ತಟ್ಟೆ ಅಲ್ಲೇ ಮೇಜಿನ ಮೇಲೆ ಉಳಿಯಿತು. ಹೋದರೆ ಹೋಗಲಿ, ಸ್ಟೀಲ್ ತಟ್ಟೆಗೇನು ಬರ.

ಬೀದಿಯವರು ಈಗ ಎದೆ ಸೆಟೆಸಿಕೊಂಡು ಅಡ್ಡಾಡುತ್ತಿದ್ದಾರೆ. ಮೂಲೆಮನೆಯವರು ಅಂಗಡಿ ಬಾಗಿಲಿಗೆ ಬಣ್ಣ ಬಳಿಸುತ್ತಿದ್ದಾರೆ. ಬರುವ ಹೊಸ ಯಂತ್ರಕ್ಕೆ ಈ ಸಲ ಆಳೆತ್ತರದ ಕಟ್ಟೆ ಕಟ್ಟಿಸಬೇಕೆಂದು ನಿನ್ನ ಚಿಕ್ಕಪ್ಪ ದಾರ ಹಿಡಿದು ಅಳೆಯುತ್ತಿದ್ದಾನೆ, ಗುಡುಗು ವಾಪಸ್ಸು ಬಂದಿದೆ. ಸಮಿತಿಯಲ್ಲಿ ತಾನು ಏನೇನು ಹೇಳಿದೆನೆಂದು ಎಲ್ಲರಿಗೂ ವಿವರಿಸುತ್ತಾನೆ. ನಾನು ತಡೆದಿಲ್ಲ. ಗೆದ್ದ ಮನೆಯಲ್ಲಿ ಒಂದಿಷ್ಟು ಸುಳ್ಳು ಹೊರೆಯಾಗುವುದಿಲ್ಲ.

ಇನ್ನೊಂದು ಮಾತು. ನಮ್ಮಂಥವರಿಗೆಲ್ಲ ಕೊಟ್ಟ ಮೇಲೂ ಹಣ ಮಿಗುತ್ತದೆ ಎಂದು ಅಲ್ಲಿ ಹೇಳಿದರು. ಅದು ನಿನ್ನ ನರ್ಸುಗಳಿಗೆ ಹೋಗಲಿ. ಆ ಭಾನುವಾರ ನೀನು ಹೇಳಿದ್ದು ತಪ್ಪಲ್ಲ. ಎಲ್ಲರದೂ ಊಟವಾದ ಮೇಲೆ ಅಡುಗೆಯನ್ನು ಹಳಸುವ ತನಕ ಮುಚ್ಚಿಡುವುದೂ ಪಾಪವೇ. ನಿನ್ನ ಮಸೂದೆ ಒಳ್ಳೆಯ ಮಸೂದೆ. ಒಂದು ಹೊಲಿಗೆ ಬಿಟ್ಟುಹೋಗಿತ್ತು, ಅದನ್ನು ನೀನೇ ಹಾಕಿದೆ. ನಾಲ್ಕು ಜನರ ಮುಂದೆ, ಮೇಲಿನವರ ಎದುರಿಗೇ ಹಾಕಿದೆ. ನಾನು ಹತ್ತನೇ ತರಗತಿಗೆ ಓದು ನಿಲ್ಲಿಸಿದವಳು. ಈ ಬೀದಿಯಲ್ಲಿ ಇಷ್ಟು ವರ್ಷ ತಲೆಯೆತ್ತಿ ನಡೆದಿದ್ದೇನೆ, ಆದರೆ ಗುರುವಾರ ಮೆಟ್ಟಿಲಿಳಿಯುವಾಗ ಎತ್ತಿದಷ್ಟು ಎಂದೂ ಎತ್ತಿರಲಿಲ್ಲ. ಇದನ್ನು ಒಮ್ಮೆ ಬರೆದಿದ್ದೇನೆ. ಮತ್ತೆ ಮತ್ತೆ ಹೇಳಿಸಬೇಡ.

ಸಾಹೇಬರು ಏನಾದರೂ ತೊಂದರೆ ಕೊಟ್ಟರೆ ತಿಳಿಸು. ನನಗೆ ಆ ಕಟ್ಟಡದ ದಾರಿ ಗೊತ್ತಾಗಿದೆ, ಕಾವಲಿನವನೂ ಪರಿಚಯವಾಗಿದ್ದಾನೆ.

ಸೊಸೆ ದಿನವೂ ಒಬ್ಬರ ಪಾಲು ತೆಗೆದಿಡುತ್ತಾಳೆ. ನಾನು ಹೇಳಿಲ್ಲ, ಅವಳೇ ಇಡುತ್ತಾಳೆ.

ನಿನ್ನನ್ನು ಹೆತ್ತು, ನಿನ್ನ ಕೈಲಿ ಸೋತು, ಆ ಸೋಲಿಗೆ ಖುಷಿಪಟ್ಟ
ಅಮ್ಮ

ತಾ.ಕ.: ಸೊಸೆ ಇದನ್ನು ಓದಿ, ತಾನು ಸುಳ್ಳಿಗೆ ಹೆಗಲು ಕೊಡುವುದಿಲ್ಲ ಎಂದು ಕೂತಿದ್ದಾಳೆ. ಸರಿ, ಪಾಲು ತೆಗೆದಿಡಲು ಹೇಳಿದ್ದು ನಾನೇ, ಆ ಭಾನುವಾರದಿಂದ. ಇನ್ನು ಆ ತಟ್ಟೆ. ಅಂಚಿನಲ್ಲಿ ನಜ್ಜಾಗಿರುವುದನ್ನು ನೋಡಿದ ಕೂಡಲೇ ಅದು ಯಾರದೆಂದು ನಿನಗೆ ತಿಳಿದಿರಬೇಕು. ಗಡಿಬಿಡಿಯಲ್ಲಿ ಉಳಿಯಿತು ಎಂದು ಮೇಲೆ ಬರೆದೆ, ನಿನ್ನ ಚಿಕ್ಕಪ್ಪನಿಗೂ ಹಾಗೇ ಹೇಳಿದ್ದೇನೆ. ನಾನು ಜನ್ಮದಲ್ಲಿ ಒಂದು ಸೂಜಿಯನ್ನೂ ಎಲ್ಲೂ ಮರೆತು ಬಂದವಳಲ್ಲ. ಅದನ್ನು ಅಂಚೆಯಲ್ಲಿ ಕಳಿಸಬೇಡ.